ಮುದಕಮ್ಮ ಬೇಡವೆಂದ ಟ್ರಾಲಿ

ಮುದಕಮ್ಮನಿಗೆ ನಲವತ್ತನಾಲ್ಕು ವರ್ಷ. ಅಜ್ಜಿಯ ಹೆಸರಿಟ್ಟಿದ್ದರಿಂದ ತೊಟ್ಟಿಲಲ್ಲೇ ಮುದುಕಿಯಾದೆ ಎಂದು ತನ್ನನ್ನು ತಾನೇ ಆಡಿಕೊಂಡು ನಗುತ್ತಿದ್ದಳು. ಬೇರೆಯವರು ಹಾಗೆಂದರೆ ಮಾತ್ರ ಅವಳಿಗೆ ತಡೆಯಲಾಗುತ್ತಿರಲಿಲ್ಲ. ನೆಟ್ಟನೆಯ ಬೆನ್ನು, ಉದ್ದ ಹೆಜ್ಜೆ, ಯಾವ ಭಾರ ಕೊಟ್ಟರೂ ಬಾಗದ ಹೆಗಲು. ಅವಳಿಗೆ ಹೆಮ್ಮೆಯೆಂದು ಇದ್ದದ್ದೇ ಅದರ ಮೇಲೆ.

ಮುನಿರಾಬಾದಿನಿಂದ ಕೊಪ್ಪಳಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂದು ಕಾರ್ಖಾನೆ, ಅದರ ಹಿಂದೆ ಅಧಿಕಾರಿಗಳ ಕಾಲೊನಿ, ಕಾಲೊನಿಯ ಹಿಂದೆ ಒಂಬತ್ತು ಕುಣಿಗಳ ಗಾಲ್ಫ್ ಮೈದಾನ. ಹಿಂದೊಮ್ಮೆ ಜೋಳ ಬಿತ್ತುತ್ತಿದ್ದ ನೆಲ ಅದು. ಊರವರ ಬಾಯಲ್ಲಿ ಈಗಲೂ ಅದು ಹೊಲವೇ, ಚೆಂಡಿನ ಹೊಲ. ಗಂಡಸರೆಲ್ಲ ಕಾರ್ಖಾನೆಯ ಪಾಳಿ ಕೆಲಸಕ್ಕೆ ಹೋಗುತ್ತಿದ್ದುದರಿಂದ ಆಟಗಾರರ ಕೋಲುಗಳ ಚೀಲ ಹೊರುವ ಕೆಲಸ ಹೆಂಗಸರ ಪಾಲಿಗೆ ಬಂದಿತ್ತು. ಮೊದಲು ಹೋದವಳು ಮುದಕಮ್ಮ. ಆರು ವರ್ಷ ಅವಳು ಹೊತ್ತದ್ದು ಒಬ್ಬರದೇ ಚೀಲ: ಕಾರ್ಖಾನೆಯ ದವಾಖಾನೆಯ ಡಾಕ್ಟರ್ ಇಮಾಮಬಾನು ಅವರದು.

ಡಾಕ್ಟರಮ್ಮ ಗಂಗಾವತಿಯವರು, ಐವತ್ತು ದಾಟಿದ ಗುಂಡನೆಯ ಹೆಂಗಸು. ಆಡುವುದನ್ನು ತಡವಾಗಿ ಕಲಿತಿದ್ದರು, ಆದರೆ ಹುಚ್ಚು ಬಹಳ. ಅವರು ಕೈ ಚಾಚುವಷ್ಟರಲ್ಲಿ ಬೇಕಾದ ಕೋಲು ಮುದಕಮ್ಮನ ಕೈಯಲ್ಲಿ ಸಿದ್ಧವಿರುತ್ತಿತ್ತು. ಕೋಲಿನ ಮೇಲಿನ ನಂಬರು ಓದಲು ಅವಳಿಗೆ ಬರುತ್ತಿರಲಿಲ್ಲ. ಕೋಲಿನ ತಲೆಯ ಓರೆ ನೋಡಿಯೇ ಗುರುತು ಹಿಡಿಯುತ್ತಿದ್ದಳು. "ನನಗಿಂತ ನಿನಗ ಛಲೋ ಗೊತ್ತೈತಿ ನೋಡು" ಎಂದು ಡಾಕ್ಟರಮ್ಮ ಒಮ್ಮೆ ಅಂದಿದ್ದರು. ಆ ಮಾತನ್ನು ಮುದಕಮ್ಮ ಗಂಡ ಅಯ್ಯಪ್ಪನಿಗೆ ಎಷ್ಟು ಸಲ ಹೇಳಿದ್ದಳೆಂದರೆ, ಅವನು ಅದನ್ನು ಡಾಕ್ಟರಮ್ಮನ ದನಿಯಲ್ಲೇ ಅಣಕಿಸಿ ತೋರಿಸುತ್ತಿದ್ದ.

ಕಳೆದ ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ ಡಾಕ್ಟರಮ್ಮ ಕಾರಿನ ಡಿಕ್ಕಿಯಿಂದ ಹೊಸದೊಂದು ಸಾಮಾನು ಇಳಿಸಿದರು. ಎರಡು ಗಾಲಿ, ಮಡಚುವ ಹಿಡಿಕೆ, ಚೀಲ ನಿಲ್ಲಿಸಲು ಒಂದು ತಟ್ಟೆ.

"ಇದು ಟ್ರಾಲಿ, ಮುದಕಮ್ಮ. ಇದರಾಗ ಇಟ್ಟು ಎಳಕೊಂಡು ಬಾ. ನಿನ್ನ ಎಡಗಡಿ ಭುಜ ಕೆಳಗ ಇಳದೈತಿ, ನಾ ನೋಡಾಕತ್ತು ಭಾಳ ದಿವಸ ಆತು."

ಅಲ್ಲಿ ಇನ್ನೂ ನಾಲ್ಕೈದು ಹೆಂಗಸರು ನಿಂತಿದ್ದರು. ಒಬ್ಬಳು ಕಿಸಕ್ಕನೆ ನಕ್ಕಳು. ಮುದಕಮ್ಮನ ಮುಖ ಬಿಸಿಯಾಯಿತು.

"ಯಾಕ್ರಿ ಮೇಡಮ್ಮಾರ, ನಾ ಮುದುಕಿ ಆಗೀನೇನ್ರಿ? ಕೂಸಿನ ಗಾಡಿ ಎಳದಂಗ ಇದನ್ನ ಎಳಕೊಂಡು ತಿರಗ್ಲಿ? ನನಗ ಬ್ಯಾಡ್ರಿ."

"ವಿಚಾರ ಮಾಡಿ ಹೇಳು."

"ವಿಚಾರ ಏನೈತ್ರಿ ಅದರಾಗ. ಬ್ಯಾಡ್ರಿ."

ಡಾಕ್ಟರಮ್ಮ ಹಿಂದೆ ನಿಂತಿದ್ದ ದ್ರಾಕ್ಷಾಯಿಣಿಯನ್ನು ಕರೆದರು.

ದ್ರಾಕ್ಷಾಯಿಣಿ ಮುದಕಮ್ಮನ ನೆಗೆಣ್ಣಿ, ಮೈದುನನ ಹೆಂಡತಿ. ಕೆಲಸಕ್ಕೆ ಸೇರಿ ಹದಿನೈದು ದಿನವೂ ಆಗಿರಲಿಲ್ಲ. ಕರೆತಂದು ಸೇರಿಸಿದವಳು ಮುದಕಮ್ಮನೇ. ಕಡ್ಡಿಯಂಥ ಹುಡುಗಿ, ಚೀಲ ಹೊತ್ತರೆ ಮೂರನೆಯ ಕುಣಿಗೇ ಏದುಸಿರು ಬಿಡುತ್ತಿದ್ದಳು. ಟ್ರಾಲಿಯ ಹಿಡಿಕೆ ಕೈಗೆ ಬಂದದ್ದೇ ತಡ, ಹಬ್ಬದ ಸೀರೆ ಸಿಕ್ಕವಳಂತೆ ಮುಖ ಅರಳಿಸಿ ಹೊರಟೇಬಿಟ್ಟಳು. ಮುದಕಮ್ಮನಿಗೆ ಆ ದಿನ ಸ್ಟೋರ್ ವಿಭಾಗದ ಸಾಹೇಬರ ಚೀಲ ಸಿಕ್ಕಿತು. ದೂರದ ಯಾವುದೋ ರಾಜ್ಯದವರು, ಕನ್ನಡ ಬಾರದು, ಬರುವ ಭಾಷೆಯಲ್ಲೂ ಮಾತು ಕಡಿಮೆ. ಒಂದು ವಾರದ ಮಟ್ಟಿಗೆ ಇರಬಹುದೆಂದುಕೊಂಡಳು. ವಾರ ಕಳೆಯಿತು, ತಿಂಗಳೂ ಕಳೆಯಿತು.

ಚೀಲ ಹೊತ್ತವಳು ಆಟಗಾರರ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಡೆಯುತ್ತಾಳೆ. ಭಾರ ಹಾಗೆ ನಡೆಸುತ್ತದೆ, ಕಣ್ಣು ನೆಲದ ಮೇಲಿರುತ್ತದೆ. ಟ್ರಾಲಿ ಎಳೆಯುವವಳಿಗೆ ಆ ಕಟ್ಟಿಲ್ಲ. ದ್ರಾಕ್ಷಾಯಿಣಿ ಡಾಕ್ಟರಮ್ಮನ ಸರಿಜೋಡಿಯಾಗಿ, ತಲೆ ಎತ್ತಿ, ಮಾತಾಡುತ್ತ ಹೋಗುತ್ತಿದ್ದಳು. ಗಾಳಿ ಇತ್ತ ಬೀಸಿದರೆ ಮಾತಿನ ತುಣುಕುಗಳು ಮುದಕಮ್ಮನ ಕಿವಿಗೆ ಬೀಳುತ್ತಿದ್ದವು. ಒಮ್ಮೆ ಪುಂಡಿಪಲ್ಯದ ಮಾತು. ಒಮ್ಮೆ ಡಾಕ್ಟರಮ್ಮನ ತಾಯಿಯ ಮಂಡಿನೋವಿನ ಮಾತು. ಆರು ವರ್ಷದಲ್ಲಿ ಡಾಕ್ಟರಮ್ಮನಿಗೆ ತಾಯಿ ಇದ್ದಾರೆಂಬುದೇ ಮುದಕಮ್ಮನಿಗೆ ಗೊತ್ತಿರಲಿಲ್ಲ.

ಐದನೆಯ ಕುಣಿಯ ಹತ್ತಿರ ಬೇವಿನ ಮರ, ಅದರ ಕೆಳಗೊಂದು ಕಲ್ಲಿನ ಬೆಂಚು. ಡಾಕ್ಟರಮ್ಮ ಅಲ್ಲಿ ಕೂತು ಫ್ಲಾಸ್ಕಿನ ಚಹಾ ಕುಡಿಯುವುದು ರೂಢಿ. ಮುದಕಮ್ಮನಿಗೂ ಕೊಡುತ್ತಿದ್ದರು, ಅವಳು ಚೀಲವನ್ನು ಮೊಣಕಾಲಿಗೆ ಆನಿಸಿಕೊಂಡು ನೆಲದ ಮೇಲೆ ಕೂತು ಕುಡಿಯುತ್ತಿದ್ದಳು. ಈಗ ಟ್ರಾಲಿ ತನ್ನಷ್ಟಕ್ಕೆ ತಾನೇ ನಿಲ್ಲುತ್ತಿತ್ತು, ದ್ರಾಕ್ಷಾಯಿಣಿ ಬೆಂಚಿನ ಮೇಲೆ ಪಕ್ಕದಲ್ಲೇ ಕೂರುತ್ತಿದ್ದಳು. ದೂರದಿಂದ ಅದನ್ನು ಕಂಡ ದಿನ ಮುದಕಮ್ಮ ಸಾಹೇಬರಿಗೆ ತಪ್ಪು ಕೋಲು ಕೊಟ್ಟಳು. ಅವರು ಏನೂ ಅನ್ನದೆ ಹಿಂದಿರುಗಿಸಿ ಬೇರೆ ತೆಗೆದುಕೊಂಡರು. ಬೈದಿದ್ದರಾದರೂ ಮನಸ್ಸು ಹಗುರಾಗುತ್ತಿತ್ತು.

ಮನೆಗಳು ಅಕ್ಕಪಕ್ಕ, ನಡುವೆ ಒಂದೇ ಗೋಡೆ. ಸಂಜೆ ರೊಟ್ಟಿ ಬಡಿಯುತ್ತ ದ್ರಾಕ್ಷಾಯಿಣಿ ಆ ಕಡೆಯಿಂದ ಹರಟುತ್ತಿದ್ದಳು.

"ಯಕ್ಕಾ, ಇವತ್ತ ಮೇಡಮ್ಮಾರು ನನ್ನ ಕೇಳಿದ್ರು, ಏಳನೇ ನಂಬರ ಕೋಲು ತಗೊಳ್ಳಲೋ ಎಂಟನೇದೋ ಅಂತ. ನಾ ಏಳು ಅಂದೆ. ಚೆಂಡು ಹೋಗಿ ಕುಣಿ ಬಾಜೂಕ ಕುಂತು ಬಿಡ್ತು!"

"ಹೂಂ."

"ನಂಬರ ಓದೂದು ಅವ್ರೇ ಕಲಿಸಿದ್ರು."

"ನನ್ನ ರೊಟ್ಟಿ ಸೀದು ಹೊಂಟೈತಿ, ಸುಮ್ಮನಿರು" ಎಂದಳು ಮುದಕಮ್ಮ. ರೊಟ್ಟಿ ಸೀಯುತ್ತಿರಲಿಲ್ಲ.

ಅವಳು ಒಂದೆರಡು ಸಲ ಟ್ರಾಲಿ ಕೇಳಿಬಿಡೋಣವೆಂದು ಡಾಕ್ಟರಮ್ಮನ ಕಾರಿನವರೆಗೂ ಹೋದಳು. ಅಷ್ಟು ಜನರೆದುರು ಬೇಡವೆಂದ ಬಾಯಿ ಬೇಕೆನ್ನಲು ಏಳಲಿಲ್ಲ. ಕಾರಿನ ಗಾಜಿಗೆ ಕೂತ ಧೂಳು ಒರೆಸಿ ಹಿಂತಿರುಗಿದಳು.

ಫೆಬ್ರುವರಿಯಲ್ಲಿ ಕಾಲೊನಿಯ ವರ್ಷದ ಪಂದ್ಯ. ಹೊಸಪೇಟೆ ಕಡೆಯಿಂದಲೂ ಆಟಗಾರರು ಬರುವವರಿದ್ದರು. ಹಿಂದಿನ ದಿನ ಸಂಜೆ ಹುಲ್ಲಿಗೆ ನೀರು ಬಿಡುವ ಗುರುಬಸವ ಮುದಕಮ್ಮನನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡ.

"ಯಕ್ಕಾ, ಆರನೇ ಕುಣಿ ದಾರ್ಯಾಗ ಬುಡಕ ಪೈಪು ಒಡದೈತಿ. ಮ್ಯಾಲ ಹುಲ್ಲು ಒಣಾ ಕಾಣತೈತಿ, ಕೆಳಗ ಎರಿ ಮಣ್ಣು ರಾಡಿ ಆಗೇತಿ. ಕಾಲಿಟ್ರ ಮೊಣಕಾಲ ಮಟ ಹೋಗತೈತಿ. ಬೇಲಿ ಗುಂಟ ಹೋಗ್ರಿ ಅಂತ ಎಲ್ಲಾರಿಗೂ ಹೇಳಿಬಿಡು. ನಾ ಮುಂಜಾನಿ ಪಂಪಿನ ಕಡೆ ಇರತೀನಿ."

ಮುದಕಮ್ಮ ಹೇಳಿದಳು. ಜೊತೆಗೆ ಚೀಲ ಹೊರುವ ಶಿವಲಿಂಗಮ್ಮನಿಗೆ ಹೇಳಿದಳು, ಹಸನಬೀಗೆ ಹೇಳಿದಳು, ಉಳಿದವರಿಗೂ ಹೇಳಿದಳು. ಮನೆಗೆ ಬಂದಾಗ ದ್ರಾಕ್ಷಾಯಿಣಿ ಅಂಗಳದಲ್ಲಿ ಟ್ರಾಲಿಯ ಗಾಲಿಗಳನ್ನು ತೊಳೆದು ಒರೆಸುತ್ತಿದ್ದಳು. ಪಂದ್ಯಕ್ಕೆಂದು ಮನೆಗೇ ತಂದುಕೊಂಡಿದ್ದಳು. ಹಿಡಿಕೆಗೆ ಕೆಂಪು ರಿಬ್ಬನ್ನಿನ ಚೂರೊಂದನ್ನು ಕಟ್ಟಿದ್ದಳು. ಮುದಕಮ್ಮ ನೋಡುತ್ತ ನಿಂತಳು. ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಮುಂಜಾನೆ ಹೇಳಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಮುಂಜಾನೆ ಇಬ್ಬರೂ ಜೊತೆಯಲ್ಲೇ ನಡೆದು ಹೋದರು. ಆಗಲೂ ಹೇಳಲಿಲ್ಲ.

ಡಾಕ್ಟರಮ್ಮ ಅಂದು ಚೆನ್ನಾಗಿ ಆಡುತ್ತಿದ್ದರು. ಐದು ಕುಣಿ ಮುಗಿದಾಗ ಮುಂದಿದ್ದವರು ಅವರೇ. ಮುದಕಮ್ಮನ ಸಾಹೇಬರು ಅದೇ ತಂಡದಲ್ಲಿದ್ದರು. ಆರನೆಯದಕ್ಕೆ ಚೆಂಡು ಹೊಡೆದಾದ ಮೇಲೆ ಅವಳು ಬೇಲಿಯ ಗುಂಟ ಸುತ್ತಿ ನಡೆದಳು, ಆಟಗಾರರೂ ಮಾತಾಡುತ್ತ ಅದೇ ದಾರಿ ಹಿಡಿದರು. ದ್ರಾಕ್ಷಾಯಿಣಿಗೆ ಮಾತ್ರ ಡಾಕ್ಟರಮ್ಮನಿಗಿಂತ ಮೊದಲು ಚೆಂಡಿನ ಹತ್ತಿರ ಹೋಗಿ ನಿಲ್ಲುವ ಉಮೇದು. ನೇರ ಹುಲ್ಲಿನ ನಡುವೆ ನುಗ್ಗಿದಳು.

ಮುದಕಮ್ಮನಿಗೆ ಎಲ್ಲ ಕಾಣುತ್ತಿತ್ತು. ಕೂಗಿದರೆ ಕೇಳಿಸುವಷ್ಟು ದೂರ. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಟ್ರಾಲಿಯ ಎಡ ಗಾಲಿ ಬುಳಕ್ಕನೆ ಒಳಗೆ ಹೋಯಿತು. ದ್ರಾಕ್ಷಾಯಿಣಿ ಜಗ್ಗಿದಳು, ಚೀಲದ ಸಮೇತ ಟ್ರಾಲಿ ಪಕ್ಕಕ್ಕೆ ಉರುಳಿತು, ಹಿಡಿಕೆಯಲ್ಲಿ ಸಿಕ್ಕಿಕೊಂಡ ಅವಳ ಕೈಯೂ ಅದರೊಂದಿಗೆ ತಿರುಚಿತು. ಕೋಲುಗಳೆಲ್ಲ ರಾಡಿಯಲ್ಲಿ ಚೆಲ್ಲಾಪಿಲ್ಲಿಯಾದವು. ಅವಳು ಚೀರಿದ್ದು ಒಂಬತ್ತನೆಯ ಕುಣಿಯವರೆಗೆ ಕೇಳಿಸಿತು.

ಈಗ ಡಾಕ್ಟರಮ್ಮ ಬೈಯುತ್ತಾರೆ, ಟ್ರಾಲಿಯನ್ನು ಡಿಕ್ಕಿಗೆ ಎಸೆದು ಚೀಲವನ್ನು ತನ್ನ ಹೆಗಲಿಗೇ ಕೊಡುತ್ತಾರೆ ಎಂದು ಮುದಕಮ್ಮ ಎಷ್ಟು ದಿನದಿಂದ ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಂಡಿದ್ದಳೋ! ಆದದ್ದು ಬೇರೆ. ಡಾಕ್ಟರಮ್ಮ ಬಿಳಿ ಬೂಟು ಕಳಚಿ ಬಿಸಾಕಿ, ಚೂಡಿದಾರದ ಪೈಜಾಮ ಮೇಲೆತ್ತಿಕೊಂಡು ರಾಡಿಯೊಳಗೆ ಇಳಿದೇಬಿಟ್ಟರು. ಕೋಲು, ಚೀಲ, ಪಂದ್ಯ ಯಾವುದರ ಕಡೆಯೂ ನೋಡಲಿಲ್ಲ. ದ್ರಾಕ್ಷಾಯಿಣಿಯ ಮಣಿಕಟ್ಟನ್ನು ತಮ್ಮ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಮೆಲ್ಲಗೆ ಒತ್ತಿ ನೋಡಿದರು, ಕೋಲು ಒರೆಸುವ ಟವೆಲ್ಲಿನ ರಾಡಿ ತಾಗದ ತುದಿ ಹರಿದು ಕಟ್ಟಿದರು, ಕೆಸರಾದ ಕೆನ್ನೆಯನ್ನು ತಮ್ಮ ಓಢಣಿಯಿಂದ ಒರೆಸಿದರು.

"ಮುರದಿಲ್ಲ ಮಗಳ, ಉಳುಕೈತಿ ಅಷ್ಟ. ಅಳಬ್ಯಾಡ."

ಮಗಳು. ಮುದಕಮ್ಮ ಆ ಮಾತು ಕೇಳಿ ಅಲ್ಲೇ ನಿಂತಳು. ಆರು ವರ್ಷದಲ್ಲಿ ತನ್ನನ್ನು ಒಮ್ಮೆಯೂ ಅವರು ಹಾಗೆ ಕರೆದಿರಲಿಲ್ಲ. ದ್ರಾಕ್ಷಾಯಿಣಿಯ ಕೈ ನೋಯುತ್ತಿದೆಯಲ್ಲ ಎಂಬುದು ಅವಳಿಗೆ ಆಮೇಲೆ ಹೊಳೆಯಿತು. ಹೊಳೆದಾಗ ತನ್ನ ಬಗ್ಗೆ ತನಗೇ ಅಸಹ್ಯವಾಯಿತು.

ಗುರುಬಸವ ಓಡಿ ಬಂದು ದ್ರಾಕ್ಷಾಯಿಣಿಯನ್ನು ದವಾಖಾನೆಗೆ ಕರೆದೊಯ್ಯಲು ಎಬ್ಬಿಸಿದ. ಡಾಕ್ಟರಮ್ಮ ತಾವೂ ಜೊತೆಗೆ ಹೊರಡಲು ಸಿದ್ಧರಾದಾಗ ದ್ರಾಕ್ಷಾಯಿಣಿಯೇ, "ಆಟ ಬಿಡಬ್ಯಾಡ್ರಿ, ನೀವ ಮುಂದ ಅದೀರಿ" ಎಂದು ಹಟ ಹಿಡಿದು ಅವನೊಬ್ಬನ ಜೊತೆ ಹೋದಳು. ಸ್ಟೋರ್ ಸಾಹೇಬರು ಮುದಕಮ್ಮನ ಹೆಗಲಿನಿಂದ ತಮ್ಮ ಚೀಲ ತೆಗೆದು ತಾವೇ ಹಾಕಿಕೊಂಡು, ಡಾಕ್ಟರಮ್ಮನ ಚೀಲದ ಕಡೆ ಕೈ ತೋರಿಸಿದರು. ಹೀಗೆ ಮೂರು ತಿಂಗಳ ಮೇಲೆ ಅದು ಮತ್ತೆ ಅವಳ ಹೆಗಲಿಗೆ ಬಂತು. ಒದ್ದೆಯಾಗಿತ್ತು, ಕೆಸರು ಬೆನ್ನಿನ ಮೇಲೆ ಇಳಿಯುತ್ತಿತ್ತು.

ಎಂಟನೆಯ ಕುಣಿಯ ಹತ್ತಿರ ಡಾಕ್ಟರಮ್ಮ ನಿಂತು ತಿರುಗಿದರು. ಉಳಿದವರು ಮುಂದೆ ಹೋಗಿದ್ದರು.

"ಪೈಪು ಒಡದದ್ದು ನಿನಗ ಹೇಳಿದ್ನಂತ ಗುರುಬಸವ?"

"ಹೇಳಿದ್ದನ್ರಿ."

"ಆಕಿಗೆ ಹೇಳಾಕ ಮರತೇನು?"

ಹೌದು ಎಂದರೆ ಮುಗಿದುಹೋಗುತ್ತಿತ್ತು. ಮುದಕಮ್ಮ ನೆಲ ನೋಡಿದಳು.

"ಮರೀಲಿಲ್ರಿ."

"ಮತ್ತ?"

"ಹೊಟ್ಟಿಕಿಚ್ಚರಿ ಮೇಡಮ್ಮಾರ. ನೀವಿಬ್ರೂ ಮಾತಾಡಕೋತ ಹೋಗೂದು ನನಗ ನೋಡಾಕ ಆಗಲಿಲ್ರಿ."

ಡಾಕ್ಟರಮ್ಮ ಅವಳ ಹೆಗಲ ಮೇಲಿನ ಒದ್ದೆ ಚೀಲ ನೋಡಿದರು. "ಆ ಟ್ರಾಲಿ ನಿನಗಂತ ತಂದದ್ದು" ಎಂದರು.

"ಗೊತ್ತೈತ್ರಿ."

"ಆಕಿ ಕೈ ನೆಟ್ಟಗಾಗೂ ಮಟ ಆಕಿ ಮನಿ ಕೆಲಸ ಎಲ್ಲಾ ನಿಂದು. ಔಷಧ ಬರದ ಕೊಟ್ಟಂಗ ಕೊಟ್ಟೀನಿ ಅಂತ ತಿಳ್ಕೊ. ಖರೇ ಏನು ಅಂತ ಆಕಿಗೆ ನೀನ ಹೇಳಬೇಕು, ನಾ ಹೇಳೂದಿಲ್ಲ."

ಪಂದ್ಯ ಡಾಕ್ಟರಮ್ಮನ ಕೈತಪ್ಪಿತು. ಸೋತರೆಂದು ಬೇಸರ ಮಾಡಿಕೊಂಡಂತೆ ಕಾಣಲಿಲ್ಲ, ಆದರೆ ಆ ದಿನ ಮತ್ತೆ ಮುದಕಮ್ಮನ ಕಡೆ ಕೈ ಚಾಚಲಿಲ್ಲ, ಕೋಲುಗಳನ್ನು ಚೀಲದಿಂದ ತಾವೇ ತೆಗೆದುಕೊಂಡರು.

ಸಂಜೆ ದ್ರಾಕ್ಷಾಯಿಣಿ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ಕೂದಲು ಇನ್ನೂ ಕೆಸರಿನಿಂದ ಅಂಟಿಕೊಂಡಿತ್ತು. ಮುದಕಮ್ಮ ಬಿಸಿನೀರು ಕಾಯಿಸಿ ತಂದು, ಮಣೆಯ ಮೇಲೆ ಕೂರಿಸಿ ತಲೆ ತೊಳೆದಳು. ಒಣಗಿಸಿ ಬಾಚುವಾಗ ಹಿಂದಿನಿಂದಲೇ ಎಲ್ಲ ಹೇಳಿದಳು. ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ.

ದ್ರಾಕ್ಷಾಯಿಣಿಯ ಬೆನ್ನು ಸೆಟೆಯಿತು.

"ಹಸನಬೀ ದವಾಖಾನಿಗೆ ಬಂದಿದ್ಲು. ಎಲ್ಲಾರಿಗೂ ಹೇಳಿದ್ದಿ ಅಂದ್ಲು. ನನಗೊಬ್ಬಾಕಿಗೆ ಬಿಟ್ಟು."

"ತಪ್ಪಾತು ದ್ರಾಕ್ಷಿ."

"ಗಾಡಿ ಬೇಕಾಗಿದ್ರ ನನ್ನ ಕೇಳಬೇಕಿತ್ತು, ಯಕ್ಕಾ."

"ಕೇಳಿದ್ರ ಕೊಡ್ತಿದ್ದೇನು?"

ದ್ರಾಕ್ಷಾಯಿಣಿ ವಿಚಾರ ಮಾಡಿದಳು. "ಇಲ್ಲ" ಎಂದಳು. "ಕೊಡ್ತಿದ್ದಿಲ್ಲ. ಆ ಗಾಡಿ ಹಿಡಕೊಂಡ್ರ ನಾನೂ ಒಬ್ಬಾಕಿ ಅದೀನಿ ಅನ್ನಿಸ್ತೈತಿ." ಆಮೇಲೆ ಸಿಟ್ಟಿನಿಂದ, "ಜಗ್ಗಬ್ಯಾಡ, ಮೆಲ್ಲಕ ಹೆಣಿ" ಎಂದಳು.

ಮೂರು ವಾರ ಮುದಕಮ್ಮ ಎರಡು ಮನೆಯ ರೊಟ್ಟಿ ಬಡಿದಳು, ಎರಡು ಮನೆಯ ನೀರು ತುಂಬಿದಳು. ಟ್ರಾಲಿಯ ಬಾಗಿದ ಅಚ್ಚು ಕೊಪ್ಪಳದಲ್ಲಿ ನೆಟ್ಟಗಾಗಿ ಬಂತು. ಭಾನುವಾರಗಳಲ್ಲಿ ಅದನ್ನು ಎಳೆದವಳು ಮುದಕಮ್ಮ. ಡಾಕ್ಟರಮ್ಮ ಹಿಡಿಕೆಯನ್ನು ಅವಳ ಕಡೆ ತಳ್ಳಿದಾಗ ಈ ಸಲ ಬೇಡವೆನ್ನಲಿಲ್ಲ. ಮೊದಲ ವಾರ ಅಭ್ಯಾಸಬಲದಿಂದ ನಾಲ್ಕು ಹೆಜ್ಜೆ ಹಿಂದೆಯೇ ಉಳಿದಳು. ಎರಡನೆಯ ವಾರ ಪಕ್ಕಕ್ಕೆ ಬಂದಳು. ಮೂರನೆಯ ವಾರ ಡಾಕ್ಟರಮ್ಮ ಬೆಂಚಿನ ಮೇಲೆ ಸರಿದು ಜಾಗ ಕೊಟ್ಟರು, "ನಿಮ್ಮವ್ವನ ಮಂಡಿ ಹೆಂಗೈತ್ರಿ?" ಎಂದು ಅವಳು ಕೇಳಿದಳು, ಅವರು ಹೇಳಿದರು. ಈಗ ಬೆಳಗಾಗೆದ್ದರೆ ಎಡಭುಜ ನೋಯುತ್ತಿರಲಿಲ್ಲ. ಇಷ್ಟು ವರ್ಷ ಅದು ನೋಯುತ್ತಿತ್ತೆಂಬುದು ಆಗಲೇ ಅವಳಿಗೆ ಗೊತ್ತಾದದ್ದು.

ನಾಲ್ಕನೆಯ ಭಾನುವಾರ ದ್ರಾಕ್ಷಾಯಿಣಿ ಬಂದಳು, ಬ್ಯಾಂಡೇಜು ಬಿಚ್ಚಿದ್ದಳು. ಡಾಕ್ಟರಮ್ಮ ಇಬ್ಬರನ್ನೂ ನೋಡಿ, "ಯಾರು ಬರ್ತೀರಿ, ನೀವ ಬಗೀಹರಿಸ್ಕೊರಿ" ಎಂದು ಮುಂದೆ ನಡೆದುಬಿಟ್ಟರು.

ಹಿಡಿಕೆ ಮುದಕಮ್ಮನ ಕೈಯಲ್ಲಿತ್ತು. ದ್ರಾಕ್ಷಾಯಿಣಿ ಕೇಳಲಿಲ್ಲ, ಕೈಯನ್ನೂ ಚಾಚಲಿಲ್ಲ, ನಿಂತಿದ್ದಳು ಅಷ್ಟೆ. ಇನ್ನೊಂದು ವಾರ ಎಂದು ಕೇಳಿದರೆ ಇಲ್ಲವೆನ್ನಳು, ಪಾಪ, ಕೈ ಇನ್ನೂ ಪೂರ್ತಿ ಬಲವಾಗಿಲ್ಲ ಎಂದು ಮುದಕಮ್ಮನ ಮನಸ್ಸು ಏನೇನೋ ದಾರಿ ಹುಡುಕಿತು. ಬೆರಳು ಸಡಿಲವಾಗಲು ಹೊತ್ತು ಹಿಡಿಯಿತು.

"ತಗೋ" ಎಂದಳು.

ದ್ರಾಕ್ಷಾಯಿಣಿ ತೆಗೆದುಕೊಂಡಳು. ನಗಲಿಲ್ಲ. ಅಲ್ಲೇ, ಮುದಕಮ್ಮನ ಎದುರಿಗೇ ಬಗ್ಗಿ ಎರಡೂ ಗಾಲಿಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿದಳು, ಚೀಲದ ಪಟ್ಟಿ ಎಳೆದು ನೋಡಿದಳು. ಅವಳು ನೋಡಿ ಮುಗಿಸುವವರೆಗೂ ಮುದಕಮ್ಮ ಕದಲದೆ ನಿಂತಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೋರ್ ಸಾಹೇಬರ ಚೀಲದ ಕಡೆ ನಡೆದಳು.