ಪೂಜೆಗೆ ಕೂತ ಟ್ಯಾಬ್

ನವರಾತ್ರಿಯ ವಿಷಯದಲ್ಲಿ ಕೇರಳದ ಒಟ್ಟಪ್ಪಾಲದ ಸೌದಾಮಿನಿಯಮ್ಮ ಯಾರ ಮಾತಿಗೂ ಸೊಪ್ಪು ಹಾಕುವವರಲ್ಲ. ಅಷ್ಟಮಿಯ ಸಂಜೆ ಮನೆಯ ಪುಸ್ತಕಗಳನ್ನೆಲ್ಲ ಸರಸ್ವತಿಯ ಮುಂದೆ ಪೂಜೆಗಿಟ್ಟರೆ ಮುಗಿಯಿತು, ದಶಮಿಯ ಬೆಳಗಿನವರೆಗೆ ಯಾರೂ ಅವನ್ನು ಮುಟ್ಟುವಂತಿಲ್ಲ, ಓದಿ ಬರೆಯುವಂತಿಲ್ಲ. ಈ ಸಲ ಪುಸ್ತಕಗಳ ಸಾಲಿನಲ್ಲಿ ಮೊಮ್ಮಗಳು ಆರ್ಚಾಳ ಟ್ಯಾಬನ್ನೂ ಗೋಡೆಗೊರಗಿಸಿ ಕೂರಿಸಿದ್ದರು. ಓದುವುದೆಲ್ಲ ಅದರಲ್ಲೇ ಆದಮೇಲೆ ಅದೂ ಪುಸ್ತಕವೇ ತಾನೆ! ಅದರ ಮೇಲಂಚಿನಲ್ಲಿ ಪುಟ್ಟ ಕರಿ ಚುಕ್ಕೆ ಕಂಡಿತು. ಹಣೆ ಇಲ್ಲೇ ಇರಬೇಕೆಂದು ಅಲ್ಲಿಗೇ ದಪ್ಪಗೆ ಗಂಧ ಮೆತ್ತಿದರು.

ನವಮಿಯ ಬೆಳಗ್ಗೆ ಅದನ್ನು ಕಂಡ ಆರ್ಚಾ ಹೆಂಚು ಹಾರಿಹೋಗುವಂತೆ ಕೂಗಿದಳು.

"ಅಮ್ಮಮ್ಮಾ! ಅದು ಕ್ಯಾಮೆರಾ! ಹತ್ತು ಗಂಟೆಗೆ ಟೀಚರ್ ಕಾಲ್ ಮಾಡ್ತಾರೆ. ಗಣಿತದ ಆನ್‌ಲೈನ್ ಕೋರ್ಸಿಗೆ ಹೇಗೆ ತಯಾರಾಗ್ಬೇಕು ಅಂತ ಮನೆಯವರಿಗೂ ಹೇಳ್ಕೊಡ್ತಾರೆ. ನನ್ನ ಮುಖ ಕಾಣ್ದಿದ್ರೆ ಸೀಟು ಬೇರೆಯವರ ಪಾಲು!"

"ಆಗ್ಲಿ ಬಿಡು ಮಗಳೇ. ಸರಸ್ವತಿಗಿಂತ ದೊಡ್ಡ ಟೀಚರಾ ಅವಳು?"

ಬಾಯಲ್ಲಿ ಹಾಗೆಂದರೂ ಅಜ್ಜಿಗೆ ಒಳಗೊಳಗೇ ಕಸಿವಿಸಿ. ಈ ಸೀಟಿಗಾಗಿ ಹುಡುಗಿ ಬೇಸಿಗೆಯಿಡೀ ಆಟ ಬಿಟ್ಟು ಲೆಕ್ಕ ಮಾಡಿದ್ದನ್ನು ಅವರೇ ಕಣ್ಣಾರೆ ಕಂಡಿದ್ದರು.

ಹತ್ತಾಯಿತು. ಕರೆ ಬಂದರೆ ಟ್ಯಾಬು ತಾನಾಗಿಯೇ ಎತ್ತಿಕೊಳ್ಳುವಂತೆ ಆರ್ಚಾ ಮೊದಲೇ ಹೊಂದಿಸಿಟ್ಟಿದ್ದಳು. ದೀಪ, ಅರಳು, ಬೆಲ್ಲದ ನಡುವೆ ಪ್ರಸೀದಾ ಟೀಚರ್ ಪ್ರತ್ಯಕ್ಷರಾದರು. ಸೌದಾಮಿನಿಯಮ್ಮ ಅಭ್ಯಾಸಬಲದಿಂದ ಕೈಮುಗಿದೇಬಿಟ್ಟರು.

"ಮೊದಲ್ನೇದಾಗಿ, ಮಗು ಕೂರೋ ಜಾಗ ಬೆಳಕಾಗಿರ್ಬೇಕು. ಏನಮ್ಮ ಆರ್ಚಾ, ನಿಮ್ಮನೇಲಿ ಬರೀ ಹಳದಿ ಮಂಜು ಕಾಣ್ತಿದೆ?"

"ಗಂಧ, ಟೀಚರ್."

"ಒರೆಸು ಮತ್ತೆ."

ಅಜ್ಜಿ ನಡುವೆ ಬಾಯಿ ಹಾಕಿದರು. "ಪೂಜೆಗಿಟ್ಟಿದ್ದನ್ನ ಮುಟ್ಟೋ ಹಾಗಿಲ್ಲ. ನಾಳೆ ಬಾ."

"ಅಮ್ಮಾ, ಇವತ್ತೇ ಕೊನೆ. ಮುಖ ನೋಡ್ದೆ ನಾನು ಹೆಸರು ಬರ್ಕೊಳ್ಳೋಕಾಗಲ್ಲ."

"ನವಮಿ ದಿನ ಬರೀತೀಯಾ? ನಿನ್ನ ಕೈಗೇನು ಬಂತು ರೋಗ!"

ಆರ್ಚಾಳ ಕೆಳತುಟಿ ಅದುರತೊಡಗಿತು. ಆ ತುಟಿಯೆದುರು ಸೌದಾಮಿನಿಯಮ್ಮನ ಯಾವ ಶಾಸ್ತ್ರವೂ ಇದುವರೆಗೆ ಗೆದ್ದದ್ದಿಲ್ಲ. ಅವರು ದೇವಿಯ ಪಟವನ್ನೊಮ್ಮೆ ನೋಡಿದರು, ಮೊಮ್ಮಗಳನ್ನೊಮ್ಮೆ ನೋಡಿದರು, ಗಂಟಲು ಸರಿಮಾಡಿಕೊಂಡರು.

"ಪ್ರಸಾದ ತಗೊಂಡ್ರೆ ಮುಟ್ಟಿದ ಹಾಗಲ್ಲ, ತಿಳೀತಾ?" ಎಂದು ಸಾಕ್ಷಾತ್ ಸರಸ್ವತಿಗೇ ತೀರ್ಪು ಹೇಳಿ, ಉಗುರಿನ ತುದಿಯಿಂದ ಗಂಧವನ್ನಷ್ಟೇ ಕೆರೆದು ಮೊಮ್ಮಗಳ ಹಣೆಗೆ ಬಳಿದರು.

ಮಂಜು ಹರಿದು ಆರ್ಚಾಳ ಮುಖ ಕಂಡಿತು. ಟೀಚರ್ ಮಾತ್ರ ಬಾಯಿ ತೆರೆದು ಅಜ್ಜಿಯನ್ನೇ ನೋಡುತ್ತಿದ್ದರು.

"ಅಯ್ಯೋ ಅಮ್ಮಾ, ಈ ಉಪಾಯ ನಂಗ್ಯಾಕೆ ಹೊಳೀಲಿಲ್ಲ? ನನ್ನ ಕಂಪ್ಯೂಟರೂ ನಿನ್ನೆ ಸಂಜೆಯಿಂದ ಪೂಜೇಲಿದೆ. ಇದು ಪಕ್ಕದ್ಮನೆ ಔಸೇಪ್ಪಚ್ಚನ್‌ದು, ಕ್ರಿಶ್ಚಿಯನ್ನರ ಮನೇಲಿ ಈ ಪೂಜೆ ಇಲ್ವಲ್ಲ, ಅವರ ಜಗಲೀಲೇ ಕೂತಿದ್ದೀನಿ." ಟೀಚರ್ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಆರ್ಚಾ, ಸೀಟು ನಿಂದೇ ಕಣೇ. ಹೆಸರು ಮಾತ್ರ ನಾಳೆ ಬರ್ಕೊಳ್ತೀನಿ. ನಮ್ಮತ್ತೆ ಬೇಲಿ ಮೇಲಿಂದ ನನ್ನ ಕೈಯನ್ನೇ ನೋಡ್ತಿದ್ದಾರೆ."