ಇಳಾಳನ್ನು ಹೊತ್ತ ಚೀಲ

ನಾನು ಕೂಸನ್ನು ಹೊರುವ ಬೆನ್ನುಚೀಲ. ಹುಬ್ಬಳ್ಳಿಯ ಹಳೆಯ ಪೇಟೆಯ ಒಂದು ಇಕ್ಕಟ್ಟಾದ ಓಣಿಯಲ್ಲಿ, ಖಾದರಸಾಬರ ಹೊಲಿಗೆ ಮಷಿನ್ನಿನ ಕೆಳಗೆ ಹುಟ್ಟಿದೆ. ಖಾದರಸಾಬರು ಶಾಲೆಯ ಮಕ್ಕಳ ಪಾಟಿಚೀಲ, ಬೈಕಿನ ಸೀಟಿನ ಹೊದಿಕೆ ಹೊಲಿಯುವವರು. ನನ್ನಂಥದ್ದನ್ನು ಅವರು ಅದಕ್ಕೆ ಮೊದಲು ಹೊಲಿದಿರಲಿಲ್ಲ, ಆಮೇಲೂ ಹೊಲಿಯಲಿಲ್ಲ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಸಂಜೀವ ಒಂದು ಸಂಜೆ ನನ್ನ ಚಿತ್ರ ಬರೆದುಕೊಂಡು ಅವರ ಅಂಗಡಿಗೆ ಬಂದ. ಅಲ್ಯುಮಿನಿಯಂ ಕೊಳವೆ ಬಗ್ಗಿಸಿ ಮಾಡಿಸಿದ ನನ್ನ ಎಲುಬುಗೂಡೂ ಅವನ ಕೈಯಲ್ಲಿತ್ತು. ಖಾದರಸಾಬರು ಚಿತ್ರವನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿ ನೋಡಿದರು.

"ಕೂಸು ಇದರಾಗ ಕೂಡೂದು, ನೀವು ಇದನ್ನ ಹೊತ್ತು ಗುಡ್ಡಾ ಹತ್ತೂದು. ಹೌದಲ್ಲ ಸರ?"

"ಹೌದು ಚಾಚಾ. ಬೀಳಬಾರದು, ಅಷ್ಟ."

"ಬೀಳಂಗಿಲ್ಲ ಬಿಡ್ರಿ," ಎಂದರು ಖಾದರಸಾಬರು.

ಲಾರಿಗೆ ಹೊದಿಸುವ ನೀಲಿ ಕ್ಯಾನ್ವಾಸಿನಲ್ಲಿ ನನ್ನ ಮೈ ಹೊಲಿದರು. ಪ್ರತಿ ಸೇರುವೆಗೂ ಎರಡೆರಡು ಸಲ ದಾರ ಓಡಿಸಿದರು. ಭುಜಕ್ಕೆ ಎರಡು ಪಟ್ಟಿ, ಸೊಂಟಕ್ಕೆ ಅಗಲವಾದ ಒಂದು ಪಟ್ಟಿ. ಮುಗಿದ ಮೇಲೆ ತಮ್ಮ ಮೊಮ್ಮಗನನ್ನೇ ಕೂರಿಸಿಕೊಂಡು ಓಣಿಯ ತುದಿಯವರೆಗೆ ನಡೆದು ಬಂದರು. ನಾನು ಹೊತ್ತ ಮೊದಲ ಜೀವ ಅದು. ನನ್ನ ಕೆಲಸ ಏನೆಂದು ಆಗ ನನಗೆ ತಿಳಿಯಿತು.

ಸಂಜೀವನ ಮಗಳ ಹೆಸರು ಇಳಾ. ಎರಡು ವರ್ಷ ತುಂಬಿತ್ತು. ಓಡಲು ಕಲಿತಿದ್ದಳು, ನಿಲ್ಲಲು ಕಲಿತಿರಲಿಲ್ಲ. ಅವಳ ತಾಯಿ ಇಂದುಮತಿ ಅಂಚೆ ಕಚೇರಿಯಲ್ಲಿ ಗುಮಾಸ್ತೆ. ಸಂಜೀವನಿಗೆ ಕಾಲೇಜು ದಿನಗಳಿಂದಲೂ ಗುಡ್ಡಗಳ ಹುಚ್ಚು. ಇಂದುಮತಿಗೆ ಅದು ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಅವನ ಜೊತೆ ಹತ್ತಿ, ಅರ್ಧ ದಾರಿಯಲ್ಲೇ ಕುಳಿತುಬಿಟ್ಟಿದ್ದಳಂತೆ. ಅಂದಿನಿಂದ ಮನೆಯಲ್ಲಿ ಅದೊಂದು ತಮಾಷೆ. "ನಮ್ಮ ಇಂದೂಗ ಗಿರಣಿ ತನಕಾ ನಡದರ ಸಾಕು," ಎಂದು ಸಂಜೀವ ಬಂದವರ ಎದುರು ನಗುತ್ತಿದ್ದ. ಅವಳೂ ನಗುತ್ತಿದ್ದಳು.

ಅಕ್ಟೋಬರ್ ರಜೆಯಲ್ಲಿ ಸೊಂಡೂರಿನ ಕಡೆಯ ಒಂದು ಗುಡ್ಡಕ್ಕೆ ಹೊರಟರು. ಮೇಲೆ ಗುಡಾರ ಹಾಕಿ ಎರಡು ರಾತ್ರಿ ಇರುವುದೆಂದು ನಿಶ್ಚಯ. "ಕೂಸಿನ್ನ ಕಟಗೊಂಡು ಅಡವಿಯಾಗ ಮಲಗೂದು ಯಾವ ಶಾಣ್ಯಾತನಾ?" ಎಂದು ಸಂಜೀವನ ತಾಯಿ ಬಾಗಿಲಲ್ಲಿ ನಿಂತು ಕೇಳಿದರು. ಅವನು ನನ್ನನ್ನು ಹೆಗಲಿಗೇರಿಸಿದ.

ಮೊದಲ ದಿನದಷ್ಟು ಒಳ್ಳೆಯ ದಿನ ನನ್ನ ಬಾಳಿನಲ್ಲಿ ಬರಲಿಲ್ಲ. ಗುಡ್ಡದ ಮಣ್ಣು ಕುಂಕುಮದಷ್ಟು ಕೆಂಪು, ಅದರ ಮೇಲೆ ಮಂಡಿಯೆತ್ತರದ ಹಸಿರು ಹುಲ್ಲು. ಇಳಾ ನನ್ನೊಳಗೆ ಕುಳಿತು ಅಪ್ಪನ ತಲೆಯ ಮೇಲೆ ತಬಲಾ ಬಾರಿಸುತ್ತಿದ್ದಳು. ಮೋಡ ಪಕ್ಕದಲ್ಲೇ ತೇಲಿ ಬಂದಾಗ ಕೈಚಾಚಿ "ಹಾಲು, ಹಾಲು" ಎಂದಳು. ಇಂದುಮತಿ ಹಿಂದೆ ಹಿಂದೆ ಬರುತ್ತಿದ್ದಳು. ಕುಳಿತು, ಎದ್ದು, ಅಂತೂ ಮೇಲೆ ಬಂದಳು. ಮೇಲೆ ಒಂದು ಸಣ್ಣ ಹಳ್ಳದ ಹತ್ತಿರ, ಸಮತಟ್ಟು ಜಾಗದಲ್ಲಿ ಗುಡಾರ ಎದ್ದಿತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಉಂಡರು. ಇಳಾ ಹಳ್ಳಕ್ಕೆ ಕಲ್ಲು ಎಸೆದಳು. ಒಂದು ಕಲ್ಲನ್ನು ಬಾಯಿಗೂ ಹಾಕಿಕೊಂಡಳು. ಗುಡಾರದ ಝಿಪ್ಪನ್ನು ತೆಗೆದು ಹಾಕಿ, ತೆಗೆದು ಹಾಕಿ, ಕೊನೆಗೆ ಅದನ್ನು ಹಿಡಿದುಕೊಂಡೇ ನಿದ್ದೆಹೋದಳು.

ಮರುದಿನ ಮುಂಜಾನೆ ಮಂಜು ದಟ್ಟವಾಗಿತ್ತು. ಇಳಾ ಓಡಿಹೋಗದಿರಲೆಂದು ಇಂದುಮತಿ ಅವಳನ್ನು ನನ್ನೊಳಗೆ ಕೂರಿಸಿ ಬಂಡೆಗೆ ಒರಗಿಸಿದ್ದಳು. ಪಕ್ಕದಲ್ಲಿ ಒಲೆಯ ಮೇಲೆ ಉಪ್ಪಿಟ್ಟು. ಸಂಜೀವ ಕ್ಯಾನು ಹಿಡಿದು ನೀರು ತರಲು ಹಳ್ಳಕ್ಕೆ ಇಳಿದ. ಸ್ವಲ್ಪ ಹೊತ್ತಿಗೆ ಕ್ಯಾನು ಕಲ್ಲಿನಿಂದ ಕಲ್ಲಿಗೆ ಉರುಳಿದ ಸದ್ದು ಬಂತು. ಅದರ ಹಿಂದೆಯೇ ಒಂದು ಕೂಗು. ಮನುಷ್ಯರ ಗಂಟಲಿನಿಂದ ಅಂಥ ಸದ್ದು ಹೊರಡುತ್ತದೆಂದು ನನಗೆ ಗೊತ್ತಿರಲಿಲ್ಲ.

ಇಂದುಮತಿ ಓಡಿದಳು. ಹೋದಷ್ಟೇ ವೇಗದಲ್ಲಿ ತಿರುಗಿ ಬಂದು, ಕೂಸಿನ ಸಮೇತ ನನ್ನನ್ನು ಎತ್ತಿಕೊಂಡು ಹಳ್ಳದ ದಂಡೆಗೆ ಒಯ್ದಳು. ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಸಂಜೀವ ಎರಡು ಬಂಡೆಗಳ ನಡುವೆ ಬಿದ್ದಿದ್ದ. ಬಲಗಾಲು ಮೊಣಕಾಲಿನ ಕೆಳಗೆ ಮುರಿದು, ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ಅವಳು ಅವನ ಕಂಕುಳಿಗೆ ಕೈಹಾಕಿ ಎಳೆದು ಹುಲ್ಲಿನ ಮೇಲೆ ಮಲಗಿಸಿದಳು. ಮೊಬೈಲು ತೆಗೆದು ಬಂಡೆ ಹತ್ತಿದಳು, ಇಳಿದಳು. ಸಿಗ್ನಲ್ ಇರಲಿಲ್ಲ.

"ಇಂದೂ, ಇಲ್ಲಿ ಕೇಳು," ಎಂದ ಸಂಜೀವ. ಹಲ್ಲು ಕಚ್ಚಿ ಮಾತಾಡುತ್ತಿದ್ದ. "ಕೂಸಿನ್ನ ಹೊತಗೊಂಡು ನೀ ಕೆಳಗ ಇಳಿ. ಬುಡದಾಗ ತಾಂಡಾ ಐತಿ. ಮಂದೀನ ಕರಕೊಂಡು ಬಾ."

"ಇಳಾ ನಿಮ್ಮ ಹತ್ರ ಇರಲಿ. ನಾ ಓಡಿ ಹೋಗಿ ಬರ್ತೀನಿ."

"ಅಕಿ ಹಳ್ಳದ ಕಡೆ ಓಡಿದರ ನಾ ಏಳಾಕ ಆಗೂದಿಲ್ಲ. ತಿಳೀತಿಲ್ಲೋ?"

ಇಂದುಮತಿಗೆ ತಿಳಿಯಿತು. ರಕ್ತ ನಿಲ್ಲಿಸಲು ಏನಾದರೂ ಬಿಗಿಯಬೇಕಿತ್ತು. ಅವಳ ಕಣ್ಣು ನನ್ನ ಮೇಲೆ ಬಿತ್ತು. ಚಾಕುವಿನಿಂದ ನನ್ನ ಸೊಂಟದ ಪಟ್ಟಿಯನ್ನು ಕೊಯ್ದು ಅವನ ತೊಡೆಗೆ ಬಿಗಿದಳು. ಆ ಪಟ್ಟಿ ಮತ್ತೆ ನನಗೆ ಸಿಗಲಿಲ್ಲ. ಗುಡಾರದಲ್ಲಿದ್ದ ಕಂಬಳಿಗಳನ್ನೆಲ್ಲ ತಂದು ಅವನಿಗೆ ಹೊದಿಸಿದಳು, ನೀರು ಪಕ್ಕಕ್ಕಿಟ್ಟಳು. ನನ್ನನ್ನು ಬೆನ್ನಿಗೆ ಏರಿಸಿಕೊಂಡಳು.

"ನಾ ಬರೂತನಕ ಕಣ್ಣು ಮುಚ್ಚಬ್ಯಾಡ್ರಿ," ಎಂದಳು.

"ಮುಚ್ಚೂದಿಲ್ಲ."

"ಅಪ್ಪಾ ಬಾ," ಎಂದಳು ಇಳಾ.

ನನ್ನನ್ನು ಮಾಡಿದ್ದು ಸಂಜೀವನ ಬೆನ್ನಿಗೆ. ಇಂದುಮತಿಗೆ ನನ್ನ ಭುಜಪಟ್ಟಿಗಳು ಉದ್ದವಾಗಿದ್ದವು. ಅವನ್ನು ಗಿಡ್ಡ ಮಾಡುವಷ್ಟು ವ್ಯವಧಾನ ಅವಳಿಗೆ ಇರಲಿಲ್ಲ. ಸೊಂಟದ ಪಟ್ಟಿ ಇಲ್ಲದ್ದರಿಂದ ಇಡೀ ಭಾರ ಅವಳ ಹೆಗಲಿಗೇ ಬಿತ್ತು. ಪ್ರತಿ ಹೆಜ್ಜೆಗೂ ನನ್ನ ಕೊಳವೆ ಅವಳ ನಡುವಿಗೆ ಬಡಿಯುತ್ತಿತ್ತು. ನನಗೆ ಅದು ಗೊತ್ತಾಗುತ್ತಿತ್ತು, ಆದರೆ ಬಡಿಯದೇ ಇರುವುದು ನನ್ನ ಕೈಯಲ್ಲಿರಲಿಲ್ಲ.

ಇಳಿಜಾರಿನಲ್ಲಿ ಹರಳುಕಲ್ಲು ಜಾಸ್ತಿ. ಒಂದು ಕಡೆ ಅವಳ ಕಾಲು ಜಾರಿತು. ಜಾರಿದವರು ಸಾಮಾನ್ಯವಾಗಿ ಹಿಂದಕ್ಕೆ ಬೀಳುತ್ತಾರೆ. ಹಿಂದೆ ಇಳಾ ಇದ್ದಳು. ಇಂದುಮತಿ ಮೈಯನ್ನು ಎಳೆದುಕೊಂಡು ಮುಂದಕ್ಕೆ ಬಿದ್ದಳು, ಮೊಣಕಾಲು ಮತ್ತು ಅಂಗೈಗಳ ಮೇಲೆ. ಮೊಣಕಾಲಿನ ಹತ್ತಿರ ಚೂಡಿದಾರ ಹರಿದು ರಕ್ತ ಬಂತು. ಅವಳು ಹಾಗೇ ನಾಲ್ಕು ಕಾಲಿನ ಪ್ರಾಣಿಯಂತೆ ನಿಂತು ಬಿಕ್ಕಿಬಿಕ್ಕಿ ಅತ್ತಳು.

ಇಳಾ ಕೈಚಾಚಿ ತಾಯಿಯ ಕೂದಲು ಮುಟ್ಟಿದಳು. "ಅವ್ವ ಬಿತ್ತಾ?" ಎಂದಳು. ತಾನು ಬಿದ್ದಾಗ ಮನೆಯವರು ಕೇಳುವ ಮಾತು ಅದು. ಆಮೇಲೆ, ಮನೆಯವರಂತೆಯೇ, "ಏನೂ ಆಗಿಲ್ಲ. ಏಳು ಏಳು," ಎಂದಳು.

ಇಂದುಮತಿ ಎದ್ದಳು.

ಮಂಜಿನಲ್ಲಿ ಮುಂದೆ ಎಲ್ಲೋ ಆಡಿನ ಕೊರಳಗಂಟೆ ಕೇಳಿಸಿತು. ಅವಳು ಆ ಕಡೆಗೆ ಕೂಗುತ್ತಾ ಹೋದಳು. ಆಡು ಮೇಯಿಸುತ್ತಿದ್ದ ಒಬ್ಬ ಲಂಬಾಣಿ ಹೆಂಗಸು ಮಂಜಿನೊಳಗಿಂದ ಬಂದಳು. ನಡುವಯಸ್ಸು, ಮೊಣಕೈವರೆಗೂ ಬಳೆ. ಹೆಸರು ಸೋಮ್ಲಿಬಾಯಿ. ಇಂದುಮತಿ ಹೇಳಿದ್ದನ್ನೆಲ್ಲ ನಿಂತು ಕೇಳಿದಳು.

"ನಮ್ಮ ಗಂಡಸರು ಕೆಳಗ ಹೊಲದಾಗ ಅದಾರ, ಗ್ವಾಂಜಾಳದ ತೆನಿ ಮುರೀತಾರ," ಎಂದಳು. "ಈ ಭಾರ ಹೊತ್ತು ನೀ ಓಡಾಕ ಆಗಂಗಿಲ್ಲವ್ವಾ. ಕೂಸಿನ್ನ ನನಗ ಕೊಡು. ನೀ ಇದ ದಾರಿ ಹಿಡದು ಓಡು. ಅವರನ್ನ ಕರಕೊಂಡು ಮ್ಯಾಲ ಹೋಗು. ಜಾಗಾ ನಿನಗಷ್ಟ ಗೊತ್ತಲ್ಲ?"

ಇಂದುಮತಿ ಒಂದು ಕ್ಷಣ ಅಲುಗಾಡದೆ ನಿಂತಳು. ಅವಳ ಬೆನ್ನಿಗೆ ಅಂಟಿಕೊಂಡಿದ್ದ ನನಗೆ ಅವಳ ಎದೆಬಡಿತ ಕೇಳುತ್ತಿತ್ತು. ಅದುವರೆಗೆ ಕಂಡರಿಯದ ಹೆಂಗಸು. ಗುಡ್ಡ. ಮಂಜು. ಕೂಸು. ಆ ಹೆಂಗಸಿನ ಮುಖದಲ್ಲಿ ಅವಳು ಏನು ಕಂಡಳೋ ನಾನರಿಯೆ. ಬೆನ್ನ ಮೇಲಿರುವವರಿಗೆ ಮುಖಗಳು ಕಾಣುವುದಿಲ್ಲ.

"ಹೆಸರು ಇಳಾ," ಎಂದಳು ಕೊನೆಗೆ. "ಬೆಲ್ಲಾ ಹಾಕಿದ ಹಾಲು ಕುಡೀತಾಳ."

ನನ್ನ ಪಟ್ಟಿಗಳಿಂದ ತೋಳು ಬಿಡಿಸಿಕೊಂಡಳು. ಸೋಮ್ಲಿಬಾಯಿ ನನ್ನನ್ನು ಹೊತ್ತಳು. ಇಳಾ ಚಿಟ್ಟನೆ ಚೀರಿದಳು. ಇಂದುಮತಿ ಹಿಂದಿರುಗಿ ನೋಡದೆ ಓಡಿದಳು. ನೋಡಿದ್ದರೆ ಓಡುವುದು ಸಾಧ್ಯವಿತ್ತೇ?

ಮುಂದೆ ಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಾಣಲಿಲ್ಲ; ಅವರಿವರ ಮಾತಿನಿಂದ ತಿಳಿದೆ. ಗಿರಣಿಯ ತನಕ ನಡೆದರೆ ಸಾಕೆನಿಸಿಕೊಂಡಿದ್ದ ಇಂದುಮತಿ ಅದೇ ದಿನ ಮತ್ತೆ ಆ ಗುಡ್ಡ ಹತ್ತಿದಳು, ಗಂಡಸರಿಗಿಂತ ಮುಂದೆ. ಸಂಜೀವನ ತುಟಿ ನೀಲಿಗಟ್ಟಿತ್ತು, ಕಣ್ಣು ತೆರೆದೇ ಇತ್ತು. ಗಳಕ್ಕೆ ಕಂಬಳಿ ಕಟ್ಟಿ ಜೋಳಿಗೆ ಮಾಡಿ ಅವನನ್ನು ಇಳಿಸಿದರು. ಅಲ್ಲಿಂದ ಬಳ್ಳಾರಿಯ ಆಸ್ಪತ್ರೆಗೆ ಒಯ್ದರು. ಗಾಯಕ್ಕೆ ಮಣ್ಣು ಸೇರಿ ಕೆಲವೇ ದಿನಗಳಲ್ಲಿ ನಂಜೇರಿತು. ಜೀವ ಉಳಿಸಲು ಮೊಣಕಾಲಿನ ಕೆಳಗಿನ ಕಾಲನ್ನು ತೆಗೆಯಬೇಕಾಯಿತು.

ನಾನು ಇಳಾಳ ಜೊತೆ ತಾಂಡಾದಲ್ಲಿದ್ದೆ. ಅವಳು ಅತ್ತು ಅತ್ತು ಧ್ವನಿ ಕಳೆದುಕೊಂಡಳು. ಸೋಮ್ಲಿಬಾಯಿ ಬೆಲ್ಲದ ಹಾಲು ಕುಡಿಸಿದಳು, ಆಡಿನ ಮರಿ ತೋರಿಸಿದಳು, ತನ್ನ ಭಾಷೆಯಲ್ಲಿ ಏನೋ ಹಾಡಿದಳು. ಇಳಾ ಬೇರೆಲ್ಲೂ ಮಲಗಲು ಒಪ್ಪದೆ ನನ್ನೊಳಗೇ ನಿದ್ದೆಹೋದಳು. ಅಲುಗಾಡಿದರೆ ಎಚ್ಚರವಾದಾಳೆಂದು ಸೋಮ್ಲಿಬಾಯಿ ರಾತ್ರಿಯಿಡೀ ನನ್ನನ್ನು ಹೊತ್ತುಕೊಂಡೇ ಗೋಡೆಗೆ ತಾಗದಂತೆ ಕುಳಿತಳು. ಮರುದಿನ ಇಂದುಮತಿ ಬಂದಾಗ ಸೋಮ್ಲಿಬಾಯಿಯ ಕಾಲು ಜೋಮು ಹಿಡಿದು ಮೇಲೇಳಲು ಆಗಲಿಲ್ಲ. ಇಂದುಮತಿ ಅವಳ ಪಕ್ಕದಲ್ಲೇ ನೆಲದ ಮೇಲೆ ಕುಸಿದಳು.

ಹುಬ್ಬಳ್ಳಿಗೆ ಮರಳಿದ ಮೇಲೆ ಆ ಮನೆಯಲ್ಲಿ ಸದ್ದು ಕಡಿಮೆಯಾಯಿತು. "ನಾ ಮೊದಲ ಹೇಳಿದ್ದೆ," ಎಂದು ಸಂಜೀವನ ತಾಯಿ ಮಾತ್ರ ಬಂದವರಿಗೆಲ್ಲ ಹೇಳುತ್ತಿದ್ದರು. ಸಂಜೀವ ಜೈಪುರ ಕಾಲು ಕಟ್ಟಿಸಿಕೊಂಡು ಶಾಲೆಗೆ ಹೋಗತೊಡಗಿದ. ಮನೆಗೆ ಬಂದರೆ ಕಿಟಕಿಯ ಕಡೆ ಬೆನ್ನುಮಾಡಿ ಕೂರುತ್ತಿದ್ದ. ಇಳಾ ಹತ್ತಿರ ಬಂದು "ಎತ್ತು" ಎಂದರೆ, "ಅವ್ವನ ಹತ್ರ ಹೋಗು" ಎನ್ನುತ್ತಿದ್ದ. ಒಮ್ಮೆ ಮೂಲೆಯಲ್ಲಿದ್ದ ನನ್ನನ್ನು ನೋಡಿ, "ಅದನ್ನ ಯಾರಿಗರೆ ಕೊಟ್ಟುಬಿಡು ಇಂದೂ. ನೋಡಾಕ ಆಗೂದಿಲ್ಲ," ಎಂದ. ಇಂದುಮತಿ ಹೂಂ ಎಂದಳು. ಕೊಡಲಿಲ್ಲ, ಅಟ್ಟಕ್ಕೇರಿಸಿದಳು.

ಮರುವರ್ಷದ ಅಕ್ಟೋಬರಿನಲ್ಲಿ ಅವಳೇ ನನ್ನನ್ನು ಕೆಳಗಿಳಿಸಿದಳು. ಧೂಳು ಕೊಡವಿ, ಭುಜಪಟ್ಟಿಗಳನ್ನು ತನ್ನ ಅಳತೆಗೆ ಗಿಡ್ಡಮಾಡಿ ಹೊಲಿದಳು. ಹಳೆಯ ಸೀರೆಯ ಅಂಚನ್ನು ಮಡಿಚಿ ಸೊಂಟದ ಪಟ್ಟಿ ಮಾಡಿದಳು. ಸಂಜೀವ ನೋಡುತ್ತಾ ಕುಳಿತಿದ್ದ.

"ಏನು ಮಾಡಾಕತ್ತಿ?"

"ಗುಡ್ಡಕ್ಕ ಹೋಗೂದೈತಿ."

"ಹುಚ್ಚು ಹಿಡದದ ಏನು ನಿನಗ? ನಾ ಹೆಂಗ ಹತ್ತಲಿ?"

"ನೀವು ಹತ್ತಬ್ಯಾಡ್ರಿ. ನಾ ಹೊರತೀನಿ. ನೀವು ಸೋಮ್ಲಿಬಾಯಿ ಮನೀ ಮುಂದ ಕುಂತು ನಮ್ಮನ್ನ ನೋಡ್ರಿ." ಸೂಜಿ ನಿಲ್ಲಿಸಿ, ಅವಳು ಮೆಲ್ಲಗೆ ಹೇಳಿದಳು: "ಆ ಗುಡ್ಡಾ ಅಂದ್ರ ನನಗ ಆ ಒಂದ ದಿನಾ ನೆನಪಾಗ್ತದ. ಕನಸಿನಾಗೂ ಅದ. ಅದೊಂದ ಉಳಿಯೂದು ನನಗ ಬ್ಯಾಡ."

ರಜೆ ಬಂದಾಗ ಸಂಜೀವನೂ ಬಸ್ಸು ಹತ್ತಿದ.

ತಾಂಡಾದ ಅಂಗಳದಲ್ಲಿ ಸೋಮ್ಲಿಬಾಯಿ ಅವನಿಗೆ ಹೊರಸು ಹಾಕಿದಳು. ನಾವು ಹೊರಟೆವು. ಮೂರು ದಾಟಿದ ಇಳಾ ಅರ್ಧ ದಾರಿ ತಾನೇ ನಡೆದಳು, ಉಳಿದರ್ಧ ನನ್ನೊಳಗೆ. ಇಂದುಮತಿಯ ಉಸಿರು ಏರುತ್ತಿತ್ತು, ಕಾಲು ನಿಲ್ಲಲಿಲ್ಲ. ಗುಡ್ಡದ ಭುಜದ ಮೇಲೆ, ತಾಂಡಾ ಕಾಣುವ ಒಂದು ಬಂಡೆಯ ಹತ್ತಿರ ನಿಂತಳು. ಕೆಳಗೆ ಅಂಗಳದಲ್ಲಿ ಬಿಳಿಯದೇನೋ ಆಡುತ್ತಿತ್ತು. ಸಂಜೀವ ಟವೆಲ್ ಬೀಸುತ್ತಿದ್ದ. ಇಂದುಮತಿ ಓಢಣಿ ತೆಗೆದು ಬೀಸಿದಳು. ಬೀಸುತ್ತಾ ಬೀಸುತ್ತಾ ಅತ್ತಳು. ಹಳ್ಳದ ಹತ್ತಿರವೂ ಹೋಗಿಬಂದಳು. ಇಳಾ ಅಲ್ಲಿ ಕಲ್ಲು ಎಸೆದಳು.

ಕೆಳಗಿಳಿದಾಗ ಸಂಜೀವ ಮಗಳನ್ನು ಕೇಳಿದ, "ಮ್ಯಾಲ ಏನೇನು ನೋಡಿದಿ?"

"ಕಲ್ಲು. ನೀರು. ಹಕ್ಕಿ." ಇಳಾ ಯೋಚಿಸಿದಳು. ಹೆಬ್ಬೆರಳು ತೋರುಬೆರಳು ಹತ್ತಿರ ತಂದು ತೋರಿಸಿದಳು. "ಅಪ್ಪಾ. ಇಷ್ಟ ಸಣ್ಣಾಂವ ಇದ್ದ."

ಸಂಜೀವ ನಕ್ಕ. ವರ್ಷದ ಮೇಲೆ ನಕ್ಕ. ನಗು ಹಾಗೇ ಅಳುವಾಯಿತು. ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡ. ಜೈಪುರ ಕಾಲಿನ ತೊಡೆಯ ಮೇಲೆ.

ಅದೇ ನಾನು ಇಳಾಳನ್ನು ಹೊತ್ತ ಕೊನೆಯ ದಿನ. ಅವಳ ಕಾಲುಗಳು ಆಗಲೇ ನನ್ನಿಂದ ಹೊರಗೆ ಜೋತಾಡುತ್ತಿದ್ದವು. ಸೋಮ್ಲಿಬಾಯಿಯ ತಂಗಿಯ ಮಗಳು ಬಸುರಿ ಎಂದು ತಿಳಿದು ಇಂದುಮತಿ ನನ್ನನ್ನು ಅಲ್ಲೇ ಬಿಟ್ಟಳು. ಆ ಮನೆಯಲ್ಲಿ ನಾನು ಎರಡು ಕೂಸುಗಳನ್ನು ಹೊಲಕ್ಕೆ ಹೊತ್ತೆ. ಆಮೇಲೆ ಆಡಿನ ಮರಿಗಳನ್ನು. ಬಿಸಿಲಿಗೆ ನನ್ನ ನೀಲಿ ಬೂದಿಯಾಯಿತು, ಒಂದು ಕೊಳವೆ ಬಗ್ಗಿತು. ಖಾದರಸಾಬರ ಹೊಲಿಗೆ ಮಾತ್ರ ಎಲ್ಲೂ ಬಿಚ್ಚಿಲ್ಲ. ಈಗ ನನ್ನನ್ನು ಗುಡಿಸಲ ಮೂಲೆಯ ಗೂಟಕ್ಕೆ ತೂಗುಹಾಕಿದ್ದಾರೆ. ನನ್ನೊಳಗೆ ಒಂದು ಕೆಂಪು ಕೋಳಿ ಕಾವು ಕೂರುತ್ತದೆ.

ವರ್ಷಕ್ಕೊಮ್ಮೆ ಅವರು ಬರುತ್ತಾರೆ. ಇಳಾ ಈಗ ತಾಯಿಗಿಂತ ಎತ್ತರ, ಗುಡ್ಡವನ್ನು ಒಂದೇ ಉಸಿರಿಗೆ ಹತ್ತುತ್ತಾಳೆ. ಅವಳಿಗೆ ನನ್ನ ನೆನಪಿಲ್ಲ. ಹೊರಿಸಿಕೊಳ್ಳುವ ವಯಸ್ಸಿನದು ಯಾರಿಗೂ ನೆನಪಿರುವುದಿಲ್ಲ. ಹೊತ್ತವರಿಗೆ ಮಾತ್ರ ಇರುತ್ತದೆ. ಇದರಲ್ಲಿ ದುಃಖಪಡುವಂಥದ್ದೇನೂ ಇಲ್ಲವೆಂದು ಈ ಮೂಲೆಯಲ್ಲಿ ತೂಗಾಡುತ್ತಾ ಕಲಿತಿದ್ದೇನೆ.

ಈ ಸಲ ಬಂದಾಗ ಕೋಳಿ ಕಾಳಿಗೆಂದು ಹೊರಗೆ ಹೋಗಿತ್ತು. ಇಳಾ ನನ್ನನ್ನು ಗೂಟದಿಂದ ತೆಗೆದು, ಒಂದು ಬೆರಳಲ್ಲಿ ಎತ್ತಿ ಹಿಡಿದಳು.

"ಅವ್ವಾ, ನನ್ನ ಹೊತ್ತಿದ್ದು ಇದರಾಗ ಏನು? ಎಷ್ಟ ಹಗೂರ ಐತಿ!"

ಇಂದುಮತಿ ನನ್ನ ಭುಜಪಟ್ಟಿಯನ್ನು ಒಮ್ಮೆ ಸವರಿದಳು.

"ಖಾಲಿ ಇದ್ದಾಗ ಹಗೂರನ ಇರ್ತದವ್ವಾ," ಎಂದಳು. ಒಳಗಿದ್ದ ಎರಡು ಮೊಟ್ಟೆಗಳು ಉರುಳದಂತೆ ಹಿಡಿದು, ಮೆಲ್ಲನೆ ನನ್ನನ್ನು ಗೂಟಕ್ಕೆ ಹಾಕಿದಳು.