ನಿಕಾಹಿನ ಅತ್ತರಿಗೆ ಲಾವಂಚ

ಕೂಳೂರು ಸೇತುವೆಯ ಈಚೆ, ಹೊಳೆಯ ಗಾಳಿ ತಾಗುವ ಒಂದು ಮನೆಯಲ್ಲಿ ಸುಹರಾ ಎಂಬ ಹೆಂಗಸು. ಅವಳ ಗಂಡ ಶಾಹುಲ್‌ಗೆ ಬಂದರಿನಲ್ಲಿ ಬಟ್ಟೆ ಅಂಗಡಿಯಿತ್ತು. ಕುಟುಂಬದಲ್ಲಿ ಯಾರ ನಿಕಾಹ್ ಆದರೂ ಮದುಮಗನ ಕೈಗೆ ಸವರುವ ಅತ್ತರನ್ನು ಮಾತ್ರ ಅವನೇ ಮನೆಯಲ್ಲಿ ಕೂತು ಬೆರೆಸುತ್ತಿದ್ದ. ಈಗ ಮಗಳು ರೈಹಾನಾಳ ನಿಕಾಹ್ ಹತ್ತಿರ ಬಂದಿತ್ತು; ಶಾಹುಲ್ ಇರಲಿಲ್ಲ.

"ಉಪ್ಪ ಮಾಡ್ತಿದ್ದಂಥದ್ದೇ ಬೇಕು, ಉಮ್ಮ. ನೀವೇ ಮಾಡಿ," ಎಂದಿದ್ದಳು ಮಗಳು.

ಸುಹರಾ ಆಗಲಿ ಎಂದಿದ್ದಳು. ಆದರೆ ಒಳ್ಳೆಯ ಎಣ್ಣೆ ಯಾವುದೆಂದು ತನಗೆ ತಿಳಿದೀತೇ ಎಂಬ ಅನುಮಾನ ಅವಳನ್ನು ಬಿಡಲಿಲ್ಲ. ಶಾಹುಲ್ ತೀರಿಹೋಗಿ ಮಯ್ಯತ್ತು ಮನೆಯಿಂದ ಹೊರಟ ದಿನವೂ ಅವಳಿಗೆ ಅಳು ಬಂದಿರಲಿಲ್ಲ. ಊಟ ಬಾಯಿಗೆ ಹೋಗುತ್ತಿತ್ತು, ನಮಾಜು ಹೊತ್ತಿಗೆ ಸರಿಯಾಗಿ ಆಗುತ್ತಿತ್ತು. ಯಾವುದೂ ಒಳಗೆ ತಲುಪುತ್ತಿರಲಿಲ್ಲ. ಅಲ್ಲಾಹನು ತಾನು ಕೊಟ್ಟದ್ದನ್ನು ಕೆಲಕಾಲ ತನ್ನ ಬಳಿಯೇ ಇಟ್ಟುಕೊಳ್ಳುತ್ತಾನೇನೋ ಎಂದುಕೊಂಡು ಅವಳು ಸುಮ್ಮನಿದ್ದಳು.

ಶಾಹುಲ್‌ನ ಅಣ್ಣನ ಸೊಸೆ ಅಫ್ರೋಝ್ ಮನೆಯಲ್ಲೇ ಸೆಂಟು ಮಾಡಿ ಮಾರುವವಳು. ಮಧ್ಯಾಹ್ನ ಅವಳು ಕಂದು ಬಾಟಲಿಗಳ ಡಬ್ಬಿ ಹಿಡಿದು ಬಂದಳು. ಮೀನು ಮಾರಿ ಮನೆಗೆ ಹೊರಟಿದ್ದ ನೆರೆಯ ಅಪ್ಪಿಯೂ ಖಾಲಿ ಬುಟ್ಟಿಯನ್ನು ಅಂಗಳದಲ್ಲಿಟ್ಟು ಜಗಲಿಯಲ್ಲಿ ಕುಳಿತಳು.

"ಮಾಮಿ, ಕಾಗದದ ಮೇಲೆ ಒಂದು ಹನಿ ಬಿಡಿ. ಒಣಗಿದ ಮೇಲೆ ಜಿಡ್ಡಿನ ಕಲೆ ಉಳಿದ್ರೆ ಬೇರೆ ಎಣ್ಣೆ ಬೆರೆಸಿದ್ದಾರೆ ಅಂತ ಲೆಕ್ಕ," ಎಂದಳು ಅಫ್ರೋಝ್.

"ಬಂಗುಡೆಯಾದ್ರೆ ಕಿವಿರು ಎತ್ತಿ ನೋಡಿ ಹೇಳ್ತೇನೆ," ಎಂದಳು ಅಪ್ಪಿ. "ಇದಕ್ಕೆ ಕಿವಿರು ಎಲ್ಲುಂಟು ಮಾರಾಯ್ತಿ?"

"ನೀವು ದೂರ ಕೂತ್ಕೊಳ್ಳಿ ಅಪ್ಪಿಯಕ್ಕ. ನಿಮ್ಮ ಕೈ ತಾಗಿದ್ರೆ ಮದುಮಗನ ಹಿಂದೆ ಬೆಕ್ಕು ಬಂದೀತು," ಎಂದಳು ಅಫ್ರೋಝ್.

ಲವಂಗದೆಣ್ಣೆ, ನಿಂಬೆಹುಲ್ಲಿನ ಎಣ್ಣೆ ಕಲೆಯಿಲ್ಲದೆ ಒಣಗಿದವು. ತೊಡಕು ಬಂದದ್ದು ಲಾವಂಚದಲ್ಲಿ. ಅತ್ತರಿಗೆ ಅದೇ ಮುಖ್ಯ. ಅಫ್ರೋಝ್ ಇಬ್ಬರು ವ್ಯಾಪಾರಿಗಳಿಂದ ಎರಡು ಬಗೆ ತಂದಿದ್ದಳು. ಎರಡೂ ಕಾಗದದ ಮೇಲೆ ಕಲೆಯಾಗಿಯೇ ಕುಳಿತವು.

"ಇದು ಭಾರದ ಎಣ್ಣೆ, ಶುದ್ಧ ಇದ್ರೂ ಬೇಗ ಆರುವುದಿಲ್ಲ. ಕಾಗದ ನಂಬಿದ್ರೆ ಆಗ್ಲಿಕ್ಕಿಲ್ಲ, ಮೈಯ ಬಿಸಿಗೆ ಹಚ್ಚಿಯೇ ನೋಡ್ಬೇಕು. ಕೈ ಕೊಡಿ ಮಾಮಿ."

ಸುಹರಾ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನಾಳೆಯವರೆಗೆ ಇದ್ದತ್ ಉಂಟು. ಸುಗಂಧ ಹಚ್ಚಬಾರದು." ಗಂಡ ತೀರಿಕೊಂಡವಳು ನಾಲ್ಕು ತಿಂಗಳು ಹತ್ತು ದಿನ ಪಾಲಿಸುವ ಕಟ್ಟು ಅದು.

ಅಫ್ರೋಝ್ ಗೋಡೆಯತ್ತ ನೋಡಿದಳು. ಕ್ಯಾಲೆಂಡರಿನಲ್ಲಿ ರೈಹಾನಾ ನಾಳೆಯ ತಾರೀಕಿಗೆ ಸುತ್ತು ಹಾಕಿದ್ದಳು.

"ಇಂಗ್ಲಿಷ್ ತಿಂಗಳಲ್ಲಿ ಎಣಿಸಿದ್ದಾ? ಇದ್ದತ್‌ಗೆ ಚಂದ್ರನ ತಿಂಗಳಲ್ವಾ ಮಾಮಿ?" ಅವಳು ಪ್ರತಿ ತಾರೀಕಿನ ಮೂಲೆಯಲ್ಲಿದ್ದ ಚಂದ್ರಮಾಸದ ಸಣ್ಣ ಅಂಕಿಗಳ ಮೇಲೆ ಬೆರಳಿಟ್ಟು ಎರಡೆರಡು ಸಲ ಎಣಿಸಿದಳು. "ಮೊನ್ನೆಯೇ ಮುಗಿದಿದೆ."

ಮೊನ್ನೆ ಏನು ಮಾಡಿದೆ ಎಂದು ಸುಹರಾ ನೆನಪಿಸಿಕೊಂಡಳು. ಅಕ್ಕಿ ಆರಿಸಿದ್ದಳು. ದಾರಿಯಲ್ಲಿ ಯಾರೋ ಹಾದುಹೋದ ಹಾಗೆ ಇದ್ದತ್ತಿನ ಕೊನೆಯ ದಿನ ಹಾದುಹೋಗಿತ್ತು. ಈಗಲಾದರೂ ಎದೆಯಲ್ಲಿ ಏನಾದರೂ ಅಲುಗೀತೆಂದು ಕಾದಳು. ಏನೂ ಇಲ್ಲ.

ಅವಳು ಎರಡೂ ಕೈ ಚಾಚಿದಳು. ಅಫ್ರೋಝ್ ಬಾದಾಮಿ ಎಣ್ಣೆಯಲ್ಲಿ ತೆಳುಮಾಡಿ ಒಂದು ಬಗೆಯನ್ನು ಬಲ ಮಣಿಕಟ್ಟಿಗೆ, ಇನ್ನೊಂದನ್ನು ಎಡಕ್ಕೆ ಹಚ್ಚಿದಳು. ಸುಹರಾ ಮೂಸಿದಳು. ಬಲಗೈಯದ್ದು ಜೋರು. ಎಡಗೈಯದ್ದು ಮೆಲ್ಲಗೆ. ಅಷ್ಟೇ ತಿಳಿಯಿತು.

"ಜೋರಿದ್ದದ್ದನ್ನೇ ತಕ್ಕೊಳ್ಳಿ ಸುಹರಕ್ಕ, ಮದುವೆಗಲ್ವಾ!" ಎಂದಳು ಅಪ್ಪಿ.

"ಸ್ವಲ್ಪ ನಿಲ್ಲು."

ಮಸೀದಿಯಿಂದ ಇಳಿಹೊತ್ತಿನ ನಮಾಜಿಗೆ ಕರೆಯುವ ಅಸರ್ ಬಾಂಗ್ ಕೇಳಿತು. ಸುಹರಾ ಎದ್ದು ಕೈ, ಮುಖ, ಕಾಲು ತೊಳೆದು ವುಜೂ ಮಾಡಿದಳು. ಮೊಣಕೈಯವರೆಗೆ ಮೂರು ಸಲ ನೀರು ಹರಿಯಿತು. ಒಳಕೋಣೆಯಲ್ಲಿ ಚಾಪೆ ಹಾಸಿ ನಿಂತಳು. ಸುಜೂದಿಗೆ ಬಾಗಿ ಹಣೆ ನೆಲಕ್ಕಿಟ್ಟಾಗ ಎರಡೂ ಕೈಗಳು ಮುಖದ ಅಕ್ಕಪಕ್ಕ ಇದ್ದವು. ಬಲಗಡೆ ಬರಿಯ ನೀರಿನ ತಂಪು. ಎಡಗಡೆಯಿಂದ ಬೇರಿನ, ಒದ್ದೆ ಮಣ್ಣಿನ ಪರಿಮಳ ಬರುತ್ತಿತ್ತು. ಎರಡನೆಯ ಸುಜೂದಿನಲ್ಲೂ ಅದು ಅಲ್ಲೇ ಇತ್ತು. ಶಾಹುಲ್‌ನ ಮುಖವೇನೂ ಕಣ್ಣಮುಂದೆ ಬರಲಿಲ್ಲ.

ಸಲಾಂ ಹೇಳಿ, ದುವಾ ಮುಗಿಸಿ, ಅವಳು ಜಗಲಿಗೆ ಬಂದಳು. ಅಪ್ಪಿ ಅವಳ ಮುಖವನ್ನೇ ನೋಡಿದಳು.

"ಅಳು ಬಂತಾ ಸುಹರಕ್ಕ?"

"ಇಲ್ಲ."

"ಮತ್ತೆಂತ?"

"ಎಡಗೈಯದ್ದು ಒಳ್ಳೇದು. ತೊಳೆದ್ರೂ ಉಳಿದಿದೆ," ಎಂದು ಸುಹರಾ ಬಾಟಲಿಗೆ ಕೈ ಚಾಚಿದಳು.